ತೇಲಬಾರದ ಹಡಗು

ನದಿ ಸಮುದ್ರ ಸೇರುವ ಕಡೆ ಒಂದು ಆಶ್ರಮವಿತ್ತು. ಅಲ್ಲಿನ ಗುರುಗಳಿಗೆ ದೋಣಿ ಹತ್ತಿದರೆ ತಲೆ ಸುತ್ತುತ್ತಿತ್ತು. ಅಂಥವರ ಹತ್ತಿರ, ಹಡಗು ಕಟ್ಟುವ ಶೇಷು ಬಂದು ಶಿಷ್ಯನಾಗಿದ್ದ.

ಬಂದು ಆರು ವರ್ಷವಾಗಿತ್ತು. ಅದಕ್ಕೆ ಮುಂಚೆ ಅವನು ಕೊನೆಯದಾಗಿ ಕಟ್ಟಿದ ಹಡಗಿನಲ್ಲಿ ಅವನ ತಮ್ಮ ವಿಠೋಬ ಹೆಂಚು ಹೇರಿಕೊಂಡು ಹೋಗಿದ್ದ. ಮೊದಲ ಪ್ರಯಾಣದಲ್ಲೇ ಹಡಗು ಮುಳುಗಿತು. ಚುಕ್ಕಾಣಿ ಹಿಡಿದಿದ್ದ ವಿಠೋಬನೂ ಬರಲಿಲ್ಲ, ಜೊತೆಗೆ ಹೋದ ಇಬ್ಬರೂ ಬರಲಿಲ್ಲ.

ವಿಠೋಬನಿಗೆ ಮೊದಲಿಂದಲೂ ಅವಸರ, ಬಂಡೆಗೆ ಹೊಡೆಸಿದ ಎಂದು ಊರು ತೀರ್ಮಾನ ಮಾಡಿಬಿಟ್ಟಿತು. ಸತ್ತವನ ಮೇಲೆ ತಪ್ಪು ಹೊರಿಸುವುದು ಬಹಳ ಸುಲಭ, ಪಾಪ, ಅವನು ಎದುರಾಡುವುದಿಲ್ಲ. ವಿಠೋಬನ ಹೆಂಡತಿ ಮಾದೇವಿ ನೀರಿಗೆ ಬಂದರೆ ಆ ಇಬ್ಬರ ಮನೆಯವರು ಬಾವಿಕಟ್ಟೆಯಿಂದ ಎದ್ದು ಹೋಗುತ್ತಿದ್ದರು. ಅವಳ ಮಗಳಿಗೆ ಶಾಲೆಯಲ್ಲಿ 'ಮುಳುಗಿಸಿದವನ ಮಗಳು' ಎಂದೇ ಹೆಸರು.

ಶೇಷು ಆಶ್ರಮದ ಜಗಲಿಯಲ್ಲಿ ಕೂತು ಆ ಹಡಗಿನ ಮಾದರಿಯೊಂದನ್ನು ಕಟ್ಟಿದ. ಒಂದು ಮೊಳ ಉದ್ದ, ಸಾಗುವಾನಿ ಮರ. ಹಾಯಿ, ಹಗ್ಗ, ಲಂಗರು, ಹೆಬ್ಬೆರಳಿನಷ್ಟು ಗಾತ್ರದ ನೀರಿನ ಪೀಪಾಯಿ, ಒಳಗೆ ಹೇರಿದ ಹೆಂಚಿನ ಚೂರುಗಳ ಭಾರ, ಯಾವುದನ್ನೂ ಬಿಡಲಿಲ್ಲ. ಎರಡು ವರ್ಷ ಹಿಡಿಯಿತು.

ಮುಗಿದ ದಿನ ಅದನ್ನು ಗುರುಗಳ ಮುಂದಿಟ್ಟ.

"ನಾಳೆ ತಮ್ಮನ ಮನೆಗೆ ಕೊಟ್ಟು ಬರ್ತೇನೆ. ಆಶೀರ್ವಾದ ಮಾಡಿ."

"ಅವರು ಎಲ್ಲಿಡ್ತಾರೆ ಇದನ್ನ?"

"ಗಾಜಿನ ಪೆಟ್ಟಿಗೆ ಮಾಡಿದ್ದೇನೆ. ವಿಠೋಬನ ಪಟದ ಕೆಳಗೆ ಇಡಬಹುದು. ಅಪ್ಪನ ಹಡಗು ಅಂತ ಮಗು ನೋಡ್ತದೆ."

ಗುರುಗಳು ಹಡಗನ್ನು ಮಗುಚಿ ಅಡಿಯಲ್ಲಿ ಬೆರಳಾಡಿಸಿದರು. ಬೆರಳನ್ನು ಮೂಸಿ ನೋಡಿದರು.

"ಇದೆಂತದು?"

"ರಾಳ, ಗುರುಗಳೇ. ಹಲಗೆಗಳ ಸಂದಿಗೆ ಹತ್ತಿ ತುರುಕಿ, ಮೇಲಿಂದ ರಾಳ ಕಾಸಿ ಬಳಿದಿದ್ದೇನೆ. ಒಂದು ಹನಿ ನೀರು ಒಳಗೆ ಬರೋದಿಲ್ಲ."

"ಗಾಜಿನ ಪೆಟ್ಟಿಗೆಯಲ್ಲಿ ನೀರಿರ್ತದಾ?"

"ಕೈಗೆ ರೂಢಿ ಆಗಿಹೋಗಿದೆ."

"ಎಷ್ಟು ಸಲ ಬಳಿದೆ?"

"ಏಳು ಸಲ."

"ದೊಡ್ಡ ಹಡಗಿಗೆ ಎಷ್ಟು ಸಲ ಬಳೀತೀರಿ?"

"ಎರಡು."

ಗುರುಗಳು ಹಡಗನ್ನು ಎತ್ತಿಕೊಂಡು ಹೊಳೆಯ ಮೆಟ್ಟಿಲಿಗೆ ಹೋದರು. ಅದರ ಹಗ್ಗವನ್ನು ಕೈಗೆ ಸುತ್ತಿಕೊಂಡು ನೀರಿಗೆ ಬಿಟ್ಟರು. ಇಬ್ಬರೂ ಸಂಜೆಯವರೆಗೆ ನೋಡುತ್ತ ಕೂತರು.

"ತೇಲ್ತಾ ಇದೆ," ಎಂದರು ಗುರುಗಳು.

"ಹೌದು."

"ಹಾಗಾದ್ರೆ ಇದು ವಿಠೋಬನ ಹಡಗಲ್ಲ ಮಾರಾಯ."

ಶೇಷು ಮೊಣಕಾಲಿಗೆ ಮುಖ ಒತ್ತಿಕೊಂಡು ಅತ್ತ. ಆರು ವರ್ಷದಲ್ಲಿ ಅವನು ಅತ್ತದ್ದು ಅದೇ ಮೊದಲು.

"ಅಡಿಯ ಮೂರನೇ ಹಲಗೆಯಲ್ಲಿ ಒಂದು ಮರದ ಗಂಟು ಇತ್ತು. ಒಣಗಿ ಅಲ್ಲಾಡ್ತಿತ್ತು. ಹಲಗೆ ಬದಲಾಯಿಸಿದರೆ ಇನ್ನೂ ಹದಿನೈದು ದಿನ ಬೇಕು. ನಾನು ರಾಳ ತುಂಬಿ ಬಣ್ಣ ಹೊಡೆದೆ."

"ವಿಠೋಬ ನೋಡಿದನಾ?"

"ನೋಡಿದ. 'ಅಣ್ಣ, ಇಷ್ಟು ಸಾಕಾಗ್ತದಾ?' ಅಂತ ಕೇಳಿದ."

"ನೀನು ಎಂತ ಹೇಳಿದೆ?"

"'ಕಟ್ಟಿದವ ನಾನೋ ನೀನೋ?' ಅಂದೆ. ಅವನು ಮತ್ತೆ ಮಾತಾಡಲಿಲ್ಲ."

ಗುರುಗಳು ಎದ್ದು ಅಡುಗೆಮನೆಯ ಹಿಂದೆ ಹೋದರು. ಸೌದೆ ರಾಶಿಯಿಂದ ಗಂಟಿದ್ದ ಸೀಳೊಂದನ್ನು ಆರಿಸಿ ತಂದು ಶೇಷುವಿನ ಪಕ್ಕದಲ್ಲಿಟ್ಟರು.

ಒಂಬತ್ತು ದಿನ ಶೇಷು ಸರಿಯಾಗಿ ಉಣ್ಣಲಿಲ್ಲ. ಹಡಗಿನ ಅಡಿಯ ಮೂರನೇ ಹಲಗೆಯನ್ನು ಬಿಚ್ಚಿದ. ಸೌದೆಯ ಸೀಳನ್ನು ತೆಳ್ಳಗೆ ಹೆರೆದು ಆ ಜಾಗಕ್ಕೆ ಕೂರಿಸಿದ. ಹೆರೆಯುವಾಗ ಗಂಟು ಕಳಚಿ ಬಿತ್ತು. ಕಡಲೆಕಾಳಿನಷ್ಟು ತೂತು ಉಳಿಯಿತು. ರಾಳದ ಮಡಕೆ ಪಕ್ಕದಲ್ಲೇ ಇತ್ತು. ಎರಡು ಸಲ ಅದರತ್ತ ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

ಹತ್ತನೆಯ ದಿನ ಗುರುಗಳು ಹಡಗನ್ನು ಮತ್ತೆ ನೀರಿಗೆ ಬಿಟ್ಟರು. ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಒಂದು ಮಗ್ಗುಲಿಗೆ ವಾಲಿ, ಹಾಯಿಯ ಸಮೇತ ಕೆಳಗಿಳಿಯಿತು. ಶೇಷು ಕಣ್ಣು ಮುಚ್ಚಿಕೊಂಡ.

ಗುರುಗಳು ಹಗ್ಗ ಎಳೆದು ಅದನ್ನು ಮೇಲೆತ್ತಿ, ನೀರು ಸೋರುತ್ತಿದ್ದ ಹಾಗೇ ಅವನ ಕೈಗೆ ಕೊಟ್ಟರು.

ಶೇಷು ಹೆಗಲ ಮೇಲಿನ ಬಟ್ಟೆ ತೆಗೆದು ಅದಕ್ಕೆ ಸುತ್ತಲು ಹೋದ.

"ಮುಚ್ಚಬೇಡ," ಎಂದರು ಗುರುಗಳು. "ಬಾವಿಕಟ್ಟೆಯ ದಾರಿಯಲ್ಲೇ ಹೋಗು. ಯಾರಾದರೂ ಕೇಳಿದರೆ ತೂತು ತೋರಿಸು. ಗಂಟಿನ ಕತೆ ನಂಗೆ ಹೇಳಿದ ಹಾಗೇ ಹೇಳು."

"ಮಾದೇವಿಗೂ?"

"ಅವಳಿಗೇ ಮುಖ್ಯ."

"ಕೇಳಿದ ಮೇಲೆ ಅವಳು ಬಾಗಿಲು ಹಾಕಿಕೊಳ್ತಾಳೆ ಗುರುಗಳೇ. ನನಗೆ ಉಳಿದಿರೋದು ಅದೊಂದೇ ಮನೆ. ಇನ್ನು ಆ ಹೊಸ್ತಿಲು ತುಳಿಯೋ ಹಾಗಿಲ್ಲ."

"ಹಾಕಿಕೊಳ್ಳಲಿ. ನೀನು ಹೊರಗುಳೀತೀಯ. ವಿಠೋಬ ಮನೆಯೊಳಗೆ ಬರ್ತಾನೆ."