ಪಾಟಲಿ ಕದ್ದವನು

“ಗುರುಗಳೇ, ಹಣವಂತನ ಮನೆಗೆ ಕಷ್ಟ ಬಂದಾಗ ಅವನ ಗುಣ ಬಯಲಾಗುತ್ತದೆ ಎನ್ನುತ್ತಾರೆ. ಆಗಲಾದರೂ ಅವನು ಎಂಥವನೆಂದು ಹೇಳಿಬಿಡಬಹುದೇ?” ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. “ಹೇಳಿಬಿಡುವುದಕ್ಕೆ ನಿನಗೇನು ಅಷ್ಟು ಅವಸರ? ಮೊದಲು ಇದನ್ನು ಕೇಳು.”

ಒಬ್ಬ ಹತ್ತಿ ವ್ಯಾಪಾರಿ ಮಗನಿಗೆ ಹೆಣ್ಣು ಕೇಳಲು ಪಕ್ಕದ ಊರಿನ ಬಟ್ಟೆ ವ್ಯಾಪಾರಿಯಲ್ಲಿಗೆ ಹೋದ. ಭಾರಿ ಕುಳ, ಊರಿಗೇ ದೊಡ್ಡ ಅಂಗಡಿ. ಇವನು ಗಾದಿಯ ಮೇಲೆ ಕುಳಿತು ಮಾತು ತೆಗೆಯುವಷ್ಟರಲ್ಲಿ ಆ ಮನೆಯ ಮುದುಕಿ, ಬಟ್ಟೆ ವ್ಯಾಪಾರಿಯ ತಾಯಿ, ಒಳಗಿನಿಂದ ಬಂದಳು. ವಯಸ್ಸಾಗಿ ಅವಳಿಗೆ ಮರೆವು ಹಿಡಿದಿತ್ತು.

“ನನ್ನ ಕೈಯಾಗಿನ ಬಂಗಾರದ ಪಾಟಲಿ ಯಾರು ಕದ್ರೋ?” ಎಂದು ತುಂಬಿದ ಅಂಗಡಿಯಲ್ಲಿ ಕೂಗಿದಳು.

ಬಟ್ಟೆ ವ್ಯಾಪಾರಿ ಎದ್ದು ಕೈಮುಗಿದ. “ನಾನೇ ಕದ್ದೀನವ್ವಾ. ತಪ್ಪಾತು.”

“ಹಡದವ್ವನ ಕೈ ಬರಿದು ಮಾಡಿದೆಲ್ಲೋ! ನಿನ್ನ ತಮ್ಮನ್ನ ನೋಡಿ ಕಲಿ, ದೇವರಂಥಾ ಹುಡುಗ!” ಎಂದು ಶಾಪ ಹಾಕಿ ಒಳಗೆ ಹೋದಳು. ಗಿರಾಕಿಗಳು ಮುಖಮುಖ ನೋಡಿಕೊಂಡರು.

ಹತ್ತಿ ವ್ಯಾಪಾರಿಗೆ ಮೈಯೆಲ್ಲ ಉರಿಯಿತು. ತಾಯಿಯ ಒಡವೆಗೇ ಕೈ ಹಾಕಿದವನ ಮಗಳು ನಮ್ಮ ಮನೆಗೆ ಬೇಡ ಎಂದು ಚಪ್ಪಲಿ ಮೆಟ್ಟಿ ಹೊರಟ. ಇದೇ ಕಾರಣಕ್ಕೆ ಆ ಹುಡುಗಿಗೆ ಹಿಂದೆಯೂ ಒಂದು ಸಂಬಂಧ ತಪ್ಪಿತ್ತು. ಬಟ್ಟೆ ವ್ಯಾಪಾರಿ ಓಡಿ ಬಂದು ಬೀದಿಯ ತಿರುವಿನಲ್ಲಿ ಅವನ ಕೈ ಹಿಡಿದ.

“ಮಗಳ ಬಾಳಿನ ಪ್ರಶ್ನೆ, ಅದಕ್ಕ ನಿಮಗೊಬ್ಬರಿಗೆ ಹೇಳ್ತೀನ್ರಿ. ಪಾಟಲಿ ಒಯ್ದಾವ ನನ್ನ ತಮ್ಮ. ಪರ ಊರಾಗ ಜ್ವರ ಬಂದು ಸತ್ತ. ಅವ್ವಗ ಹೇಳಿದ್ವಿ, ಎದಿ ಬಡಕೊಂಡು ಅತ್ತಳು. ಮರುದಿನ ಎಲ್ಲಾ ಮರ್ತು, ಅವ ಎಲ್ಲಿ ಅಂತ ಕೇಳಿದಳು. ಮತ್ತ ಹೇಳಿದ್ವಿ, ಈಗಷ್ಟೇ ಸತ್ತಾನೇನೋ ಅನ್ನೂಹಂಗ ಮತ್ತ ಅತ್ತಳು. ಅವತ್ತಿನಿಂದ ವ್ಯಾಪಾರಕ್ಕ ಹೋಗ್ಯಾನ ಅಂತೀನಿ. ಕದ್ದಾವ ಅವನೇ ಅಂದ್ರ, ಕರಸು ಅವನ್ನ ಅಂತಾಳ. ಎಲ್ಲಿಂದ ಕರಸಲ್ರಿ? ಊರಿಗೆ ಹೇಳಿದ್ರ ಅವ್ವನ ಕಿವಿಗೂ ಬೀಳತೈತಿ.”

ಹೆಸರು, ಮರ್ಯಾದೆ ಎಂದು ಜೀವ ಬಿಡುವ ಸಾಹುಕಾರರ ನಡುವೆಯೇ ಹತ್ತಿ ವ್ಯಾಪಾರಿ ಬೆಳೆದವನು. ಇಂಥ ದೊಡ್ಡ ಮನುಷ್ಯನನ್ನು ಮಾತ್ರ ಕಂಡಿರಲಿಲ್ಲ. ಚಪ್ಪಲಿ ಕಳಚಿ, ನಡುಬೀದಿಯಲ್ಲೇ ಅವನ ಕಾಲು ಮುಟ್ಟಿದ. ಮದುವೆ ಗೊತ್ತಾಯಿತು.

ಶಿಷ್ಯನ ಕಣ್ಣು ತುಂಬಿತ್ತು. “ಆ ತಾಯಿಗೆ ಕೊನೆಗಾದರೂ ನಿಜ ತಿಳಿಯಿತೇ?”

“ಇಲ್ಲ, ದೊಡ್ಡ ಮಗನನ್ನು ಬೈಯುತ್ತಲೇ ಕಣ್ಣು ಮುಚ್ಚಿದಳು, ಅವನು ದೇವರಲ್ಲಿ ಬೇಡಿಕೊಂಡದ್ದೂ ಅದನ್ನೇ,” ಎಂದರು ಗುರುಗಳು.