ಹಂಪ್ ದಾಟಿದ ರೇಸ್ ಕಾರು

ಹಳೆಯ ಗಾಡಿಗಳ ಪ್ರದರ್ಶನಕ್ಕೆ ಹೊರಟಿದ್ದ ಮುದಿ ರೇಸ್ ಕಾರೊಂದು ದಾರಿಯಲ್ಲಿ ಎತ್ತರದ ಹಂಪ್ ಕಂಡು ಗಕ್ಕನೆ ನಿಂತಿತು. ಅದರ ಹೊಟ್ಟೆಗೂ ನೆಲಕ್ಕೂ ಮೂರೇ ಬೆರಳಿನ ಅಂತರ. ಹಿಂದಿರುಗಿದರೆ ಮಾನ ಹೋಗುತ್ತದೆ, ನುಗ್ಗಿದರೆ ಹೊಟ್ಟೆ ಹರಿಯುತ್ತದೆ. ಅಷ್ಟರಲ್ಲಿ ಮೈಯೆಲ್ಲ ಕೆಸರು ಮೆತ್ತಿಕೊಂಡ ಪುಟ್ಟ ಜೀಪೊಂದು ಆ ಕಡೆಯಿಂದ ಕುಲುಕುತ್ತ ಹಂಪ್ ದಾಟಿ ಬಂತು.

ರೇಸ್ ಕಾರಿಗೆ ಕುತೂಹಲ ತಡೆಯಲಾಗಲಿಲ್ಲ. "ಏನಪ್ಪಾ, ಇದನ್ನು ಎಷ್ಟು ವೇಗದಲ್ಲಿ ದಾಟಿದೆ?"

"ವೇಗ ನೋಡಿಕೊಳ್ಳಲಿಲ್ಲ, ರಾಯರೇ. ನೆಲ ನೋಡಿಕೊಂಡೆ."

"ನೆಲದಲ್ಲಿ ನೋಡುವಂಥದ್ದು ಏನಿದೆ?"

"ಗುಡ್ಡ ಹತ್ತುವ ನನಗೆ ಅದೇ ಗುರು. ತಗ್ಗು ಹೊಟ್ಟೆಯವರು ಹಂಪ್‌ಗೆ ಎದೆ ಕೊಡಬಾರದು. ಓರೆಯಾಗಿ ಬನ್ನಿ, ಒಂದೊಂದೇ ಚಕ್ರ ಹತ್ತಿಸಿ."

"ಓರೆಯಾಗಿಯೇ? ರೇಸಿನಲ್ಲಿ ನುಗ್ಗಿಯೇ ಹೆಸರು ಮಾಡಿದವನು ನಾನು!"

"ಅಲ್ಲಿ ಹಂಪ್ ಇರಲಿಲ್ಲವಲ್ಲ, ರಾಯರೇ."

ಕಾರು ಗೊಣಗುತ್ತಲೇ ಮೂತಿ ತಿರುಗಿಸಿತು. ಒಂದು ಚಕ್ರ ಹತ್ತಿ ಇಳಿಯಿತು, ಆಮೇಲೆ ಇನ್ನೊಂದು. ಹಿಂದಿನಿಂದ ಬಂದ ಸೈಕಲ್ಲು ಟ್ರಿಣ್ ಟ್ರಿಣ್ ಎಂದು ಗಂಟೆ ಬಾರಿಸಿ ಮುಂದೆ ಹೋಯಿತು. ಕಾರು ಅತ್ತ ತಿರುಗಿಯೂ ನೋಡಲಿಲ್ಲ. ಅದರ ಗಮನವೆಲ್ಲ ನೆಲದ ಮೇಲಿತ್ತು.

ನಾಲ್ಕನೆಯ ಚಕ್ರವೂ ಇಳಿದ ಮೇಲೆ ಅದು ಉಸಿರುಬಿಟ್ಟು ಹೇಳಿತು: "ತಮ್ಮಾ, ಇಷ್ಟು ನಿಧಾನವಾಗಿ ನಾನು ಯಾವತ್ತೂ ಗೆದ್ದಿರಲಿಲ್ಲ!"