ಪಾದ ತೊಳೆಯುವ ತಟ್ಟೆ

“ಗುರುಗಳೇ, ನೂರಕ್ಕೆ ನೂರು ಶುದ್ಧವಲ್ಲದ ವಸ್ತುವಿಗೆ ಬೆಲೆ ಉಂಟೆ?” ಎಂದು ಶಿಷ್ಯನೊಬ್ಬನು ಕೇಳಿದನು.

“ಯಾವ ವಸ್ತು?” ಎಂದರು ಗುರುಗಳು.

ಶಿಷ್ಯನು ತಲೆ ತಗ್ಗಿಸಿದನು. “ನನ್ನ ಮನಸ್ಸು. ದೇವರಿಗಾಗಿ ಮನೆ ಬಿಟ್ಟು ಬಂದೆ. ಆದರೆ ಭಜನೆಯಲ್ಲಿ ಯಾರಾದರೂ ನನ್ನ ಕಂಠವನ್ನು ಹೊಗಳಿದರೆ ಒಳಗೊಳಗೇ ಹಿಗ್ಗುತ್ತೇನೆ. ಇದು ಬೆರಕೆಯ ಭಕ್ತಿ. ಈ ಬೆರಕೆ ಹೋಗುವ ತನಕ ಬೆಟ್ಟದ ಮೇಲೆ ಒಬ್ಬನೇ ಇರಬೇಕೆಂದಿದ್ದೇನೆ. ಅಪ್ಪಣೆ ಕೊಡಬೇಕು.”

ಗುರುಗಳು ಅಪ್ಪಣೆ ಕೊಡಲಿಲ್ಲ, ಬೇಡವೆನ್ನಲೂ ಇಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಎಣ್ಣೆ ವ್ಯಾಪಾರಿ ಇದ್ದನು. ಅವನಿಗೆ ಒಬ್ಬಳೇ ಮಗಳು. ಪಕ್ಕದ ಪಟ್ಟಣದ ಬೆಳ್ಳಿ ವ್ಯಾಪಾರಿಯ ಮಗನೊಂದಿಗೆ ಅವಳ ಮದುವೆ ನಿಶ್ಚಯವಾಯಿತು. ಹುಡುಗನನ್ನು ಹುಡುಗಿ ಮೆಚ್ಚಿದ್ದಳು, ಹುಡುಗಿಯನ್ನು ಹುಡುಗನೂ ಮೆಚ್ಚಿದ್ದನು. ತಂದೆಗೆ ಅದಕ್ಕಿಂತ ಹೆಚ್ಚಿನ ಆಸೆ ಇರಲಿಲ್ಲ.

ಆ ಸೀಮೆಯಲ್ಲಿ ಒಂದು ಪದ್ಧತಿ. ಧಾರೆಗೆ ಮೊದಲು ವರನು ಬೆಳ್ಳಿಯ ತಟ್ಟೆಯ ಮೇಲೆ ನಿಲ್ಲಬೇಕು. ಹೆಣ್ಣಿನ ತಂದೆ ಅವನ ಪಾದ ತೊಳೆಯಬೇಕು. ಆ ತಟ್ಟೆಗೆ ಅಡಿಯಲ್ಲಿ ಮೂರು ಗಿಡ್ಡ ಕಾಲುಗಳು. ಮದುವೆಯಾದ ಮೇಲೆ ತಟ್ಟೆ ಮಗಳೊಂದಿಗೆ ಗಂಡನ ಮನೆಗೆ ಹೋಗುತ್ತದೆ.

ಎಣ್ಣೆ ವ್ಯಾಪಾರಿಗೆ ಬೆಳ್ಳಿಯ ವಿಷಯ ತಿಳಿಯದು. ಅಂಗಡಿಗೆ ಹೋಗಿ ಒಂದು ತಟ್ಟೆಯನ್ನು ಆರಿಸಿದನು. “ಇದು ಶುದ್ಧ ಬೆಳ್ಳಿಯೆ?” ಎಂದು ಕೇಳಿದನು. “ನೂರು ಭಾಗದಲ್ಲಿ ತೊಂಬತ್ತೆರಡೂವರೆ ಬೆಳ್ಳಿ, ಏಳೂವರೆ ತಾಮ್ರ” ಎಂದನು ಅಂಗಡಿಯವನು. ಎಣ್ಣೆ ವ್ಯಾಪಾರಿ ಏಕೆಂದು ಕೇಳಲಿಲ್ಲ. ಹೇಳಿದ ಬೆಲೆ ಕೊಟ್ಟು ಮನೆಗೆ ತಂದನು.

ಬೆಳ್ಳಿ ವ್ಯಾಪಾರಿಯದು ಗಟ್ಟಿಯ ವ್ಯಾಪಾರ. ಬೆಳ್ಳಿಯ ಗಟ್ಟಿಗಳನ್ನು ಕೊಳ್ಳುತ್ತಿದ್ದನು, ಗಟ್ಟಿಗಳನ್ನೇ ಮಾರುತ್ತಿದ್ದನು. ಲೋಟ, ಚೊಂಬು, ತಟ್ಟೆಗಳು ಅವನ ಅಂಗಡಿಯಲ್ಲಿ ಇರಲಿಲ್ಲ. ಗಟ್ಟಿಯಲ್ಲಿ ಬೆರಕೆ ಇದ್ದರೆ ಅದು ಮೋಸ. ಜೀವಮಾನವೆಲ್ಲ ಅವನು ಕಲಿತದ್ದು ಆ ಒಂದು ಪಾಠ. ಮಗನ ಮದುವೆಗೂ ಅವನು ಒರೆಗಲ್ಲನ್ನು ಜೇಬಿನಲ್ಲಿಟ್ಟುಕೊಂಡೇ ಬಂದಿದ್ದನು.

ಪಾದ ತೊಳೆಯುವ ಹೊತ್ತು ಬಂತು. ಬೆಳ್ಳಿ ವ್ಯಾಪಾರಿ ತಟ್ಟೆಯನ್ನು ಎತ್ತಿಕೊಂಡು ಅದರ ಅಂಚನ್ನು ಕಲ್ಲಿಗೆ ಉಜ್ಜಿದನು. ಪಕ್ಕದಲ್ಲಿ ಚೊಕ್ಕ ಬೆಳ್ಳಿಯ ಕಡ್ಡಿಯಿಂದ ಇನ್ನೊಂದು ಗೆರೆ ಎಳೆದನು. ಎರಡು ಗೆರೆಗಳ ಬಣ್ಣ ಒಂದೇ ಆಗಿರಲಿಲ್ಲ.

“ಬೀಗರೇ, ಇದು ಬೆಳ್ಳಿಯೋ, ಬೆಳ್ಳಿಯ ಭಾವಮೈದುನನೋ?” ಎಂದನು. ಗಂಡಿನ ಕಡೆಯವರು ನಕ್ಕರು.

“ಬೆಳ್ಳಿಯೇ. ಏಳೂವರೆ ಭಾಗ ತಾಮ್ರ ಇದೆ” ಎಂದನು ಎಣ್ಣೆ ವ್ಯಾಪಾರಿ.

“ಗೊತ್ತಿದ್ದೇ ತಂದಿರೋ?”

“ಗೊತ್ತಿತ್ತು. ಅಂಗಡಿಯವರು ಹೇಳಿದರು.”

“ತಾಮ್ರ ಏಕೆ ಹಾಕಿದರಂತೆ?”

“ಅದನ್ನು ನಾನು ಕೇಳಲಿಲ್ಲ.”

“ಕೇಳುವುದೇಕೆ ಬಿಡಿ! ಕಡಲೆಕಾಯಿ ಎಣ್ಣೆಗೆ ಹತ್ತಿಬೀಜದ ಎಣ್ಣೆ ಸುರಿಯುವವರನ್ನು ಯಾರು ಕೇಳುತ್ತಾರೆ?”

ಈಗ ಯಾರೂ ನಗಲಿಲ್ಲ. ಎಣ್ಣೆ ವ್ಯಾಪಾರಿ ತನ್ನ ಆಯುಷ್ಯದಲ್ಲಿ ಒಂದು ಹನಿ ಎಣ್ಣೆಯನ್ನೂ ಬೆರೆಸಿದವನಲ್ಲ. ಆದರೂ ಅವನು ಬಾಯಿ ತೆರೆಯಲಿಲ್ಲ. ಬಾಗಿಲ ಹಿಂದೆ ಮಗಳು ನಿಂತಿರುವುದು ಅವನಿಗೆ ಗೊತ್ತಿತ್ತು.

ಬೆಳ್ಳಿ ವ್ಯಾಪಾರಿ ನೆಂಟರ ಕಡೆಗೆ ತಿರುಗಿದನು. “ಬೆರಕೆಯ ತಟ್ಟೆಯ ಮೇಲೆ ನನ್ನ ಮಗ ನಿಲ್ಲುವುದಿಲ್ಲ. ನನ್ನ ಮನೆಯ ತಟ್ಟೆ ಹೇಗಿದೆ ಎಂಬುದನ್ನು ಮೊದಲು ಎಲ್ಲರೂ ನೋಡಲಿ. ಈ ಸಂಬಂಧದ ಮಾತು ಆಮೇಲೆ.”

ಅವನ ಪೆಟ್ಟಿಗೆಯಲ್ಲಿ ಅಂಥದೇ ಮೂರು ಕಾಲಿನ ಒಂದು ತಟ್ಟೆ ಇತ್ತು. ಬರುವ ಸೊಸೆಗೆ ಕೊಡಲೆಂದು ತನ್ನ ಗಟ್ಟಿಯಿಂದಲೇ ಮಾಡಿಸಿದ್ದನು. ಮಾಡುವವನು ಸ್ವಲ್ಪ ತಾಮ್ರ ಸೇರಿಸಲೆ ಎಂದು ಕೇಳಿದಾಗ ಅವನನ್ನು ಗದರಿಸಿ ಬಾಯಿ ಮುಚ್ಚಿಸಿದ್ದನು. ಈಗ ಅದನ್ನು ತೆಗೆಸಿ ಚಪ್ಪರದ ನಡುವೆ ಇಡಿಸಿದನು. ಎಣ್ಣೆ ವ್ಯಾಪಾರಿಯ ತಟ್ಟೆ ಅದರ ಮುಂದೆ ಮಂಕಾಗಿ ಕಂಡಿತು. ನೋಡಿದವರು ಹೌದು ಹೌದು ಎಂದರು.

“ಹತ್ತು” ಎಂದನು ಮಗನಿಗೆ.

ವರನು ಹತ್ತಿ ನಿಂತನು. ಹುಡುಗ ಒಳ್ಳೆಯ ಮೈಕಟ್ಟಿನವನು. ಎಣ್ಣೆ ವ್ಯಾಪಾರಿ ಚೊಂಬು ಹಿಡಿದು ಅವನ ಮುಂದೆ ಮಂಡಿಯೂರಿದನು.

“ಅಪ್ಪಾ, ಇದು ಅಲ್ಲಾಡುತ್ತಿದೆ.”

“ನೆಟ್ಟಗೆ ನಿಲ್ಲೋ!”

ಹುಡುಗ ನೆಟ್ಟಗೆ ನಿಂತನು. ತಟ್ಟೆಯ ಒಂದು ಕಾಲು ಹೊರಕ್ಕೆ ಮಡಿಸಿಕೊಂಡಿತು. ಆಮೇಲೆ ಇನ್ನೆರಡು. ತಟ್ಟೆ ವಾಲಿತು, ವರನು ಮುಂದಕ್ಕೆ ಮುಗ್ಗರಿಸಿದನು. ಅವನ ಇಡೀ ಭಾರ ಎಣ್ಣೆ ವ್ಯಾಪಾರಿಯ ಹೆಗಲ ಮೇಲೆ ಬಿತ್ತು. ಎಣ್ಣೆ ವ್ಯಾಪಾರಿ ಚೊಂಬನ್ನು ಕೈಬಿಟ್ಟನು. ಹುಡುಗನನ್ನು ಬಿಡಲಿಲ್ಲ.

ಮೊದಲು ಮಾತಾಡಿದವಳು ವರನ ಅಜ್ಜಿ, ಬೆಳ್ಳಿ ವ್ಯಾಪಾರಿಯ ತಾಯಿ. “ಲೋ ಮಗನೆ, ನಿನ್ನ ಚೊಕ್ಕ ಬೆಳ್ಳಿ ನನ್ನ ಮೊಮ್ಮಗನನ್ನು ಹೊರಲಿಲ್ಲವಲ್ಲೋ! ಆ ಭಾವಮೈದುನನನ್ನೇ ಇತ್ತ ತಾ, ನೋಡೋಣ.”

ಎಣ್ಣೆ ವ್ಯಾಪಾರಿಯ ತಟ್ಟೆಯನ್ನು ತಂದು ಇಟ್ಟರು. ವರನು ಅಳುಕುತ್ತ ಒಂದು ಪಾದ ಇಟ್ಟನು, ಮತ್ತೊಂದನ್ನೂ ಇಟ್ಟನು. ತಟ್ಟೆ ಕದಲಲಿಲ್ಲ. ಅಜ್ಜಿ ಕುಣಿ ಎಂದಳು. ಅವನು ಒಮ್ಮೆ ಕುಣಿದನು. ಆಗಲೂ ಕದಲಲಿಲ್ಲ.

ಬೆಳ್ಳಿ ವ್ಯಾಪಾರಿ ಬಗ್ಗಿ ಎರಡು ತಟ್ಟೆಗಳ ಕಾಲನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿದನು. ತನ್ನ ತಟ್ಟೆಯ ಕಾಲು ಮೇಣದಂತೆ ಬಾಗಿತು. ಇನ್ನೊಂದು ಬಾಗಲಿಲ್ಲ. ತಾಮ್ರ ಏಕೆ ಎಂಬ ಅವನ ಪ್ರಶ್ನೆಗೆ ಉತ್ತರ ಸಿಕ್ಕಿತು. ಆದರೂ ವ್ಯಾಪಾರಿಯ ಬಾಯಿ ಸುಮ್ಮನಿರಲಿಲ್ಲ. “ಕರಗಿಸಿದರೆ ನನ್ನದಕ್ಕೇ ಹೆಚ್ಚು ಬೆಲೆ” ಎಂದನು.

“ಕರಗಿಸಿದರೆ ಹೌದಪ್ಪ” ಎಂದಳು ತಾಯಿ. “ಮದುವೆಮನೆಯಲ್ಲಿ ಕರಗಿಸುವುದಕ್ಕೆ ಯಾರು ಕೂತಿದ್ದಾರೆ?”

ಬೆಳ್ಳಿ ವ್ಯಾಪಾರಿ ನಕ್ಕುಬಿಟ್ಟನು. ಅವನು ನಕ್ಕ ಮೇಲೆ ಚಪ್ಪರವೇ ನಕ್ಕಿತು. ಹೆಣ್ಣಿನ ತಾಯಿ ಅಷ್ಟು ಹೊತ್ತು ಕಂಬ ಹಿಡಿದು ನಿಂತಿದ್ದವಳು ಅಲ್ಲಿಯೇ ಕುಳಿತು ಕಣ್ಣೊರೆಸಿಕೊಂಡಳು. ಬಾಗಿಲ ಹಿಂದಿನಿಂದ ಬಳೆಗಳ ಸದ್ದು ಕೇಳಿಸಿತು.

“ಬೀಗರೇ, ಎಣ್ಣೆಯ ಮಾತು ನಾನು ಆಡಬಾರದಿತ್ತು” ಎಂದನು ಬೆಳ್ಳಿ ವ್ಯಾಪಾರಿ.

“ಮೊದಲು ಧಾರೆ ಮುಗಿಯಲಿ, ಬೀಗರೇ” ಎಂದು ಎಣ್ಣೆ ವ್ಯಾಪಾರಿ ಹೆಗಲು ನೀವಿಕೊಂಡನು. “ನಿಮ್ಮ ಮಗ ಭಾರ ಇದ್ದಾನೆ. ಜಗಳ ಆಡುವ ಶಕ್ತಿ ಈ ಹೊತ್ತು ನನಗಿಲ್ಲ.”

ಮುಹೂರ್ತ ಮೀರುವ ಮೊದಲೇ ಧಾರೆ ಆಯಿತು.

ಕತೆ ಅಲ್ಲಿಗೆ ನಿಂತಿತು. ಶಿಷ್ಯನ ಮುಖ ಅರಳಿತು. ಎಷ್ಟೋ ದಿನಗಳ ಮೇಲೆ ಅವನು ನಿರಾಳವಾಗಿ ಉಸಿರು ಬಿಟ್ಟನು. “ಹಾಗಾದರೆ, ಗುರುಗಳೇ, ನನ್ನಲ್ಲಿ ಸ್ವಲ್ಪ ತಾಮ್ರ ಇದ್ದರೂ ನಾನು ಬೆಳ್ಳಿಯೇ. ಬೆಟ್ಟಕ್ಕೆ ಹೋಗಬೇಕಾದ ಅಗತ್ಯವಿಲ್ಲ.”

“ಅಗತ್ಯವಿಲ್ಲ” ಎಂದರು ಗುರುಗಳು. “ಅದಿರಲಿ, ಇದುವರೆಗೆ ನಿನ್ನ ಮೇಲೆ ಭಾರ ಬಿಟ್ಟು ನಿಂತವರು ಯಾರು?”